ಮಯಸ್ತೇನಿಯಾ ಇರುವ ಮಗುವಿಗೆ ಥೈಮಸ್ ಆಪರೇಷನ್: ನಿರ್ಧಾರ, ತಯಾರಿ, ಆಮೇಲಿನ ಆರೈಕೆ

ಬೆಳಗ್ಗೆ ಲವಲವಿಕೆಯಿಂದ ಎದ್ದ ಮಗುವಿನ ರೆಪ್ಪೆ ಸಂಜೆಯ ಹೊತ್ತಿಗೆ ಜೋತುಬೀಳುತ್ತದೆ. ಚಪಾತಿಯ ಮೊದಲ ನಾಲ್ಕು ತುತ್ತು ಸಲೀಸು. ಆಮೇಲೆ ದವಡೆ ಸೋತು, ಅಂಗೈಯಿಂದ ಗಲ್ಲ ಎತ್ತಿ ಹಿಡಿದು ಅಗಿಯತೊಡಗುತ್ತದೆ. ನೀರು ಕುಡಿದರೆ ಮೂಗಿನಲ್ಲಿ ಬರುತ್ತದೆ. ಮಕ್ಕಳ ಮಯಸ್ತೇನಿಯಾ ಗ್ರೇವಿಸ್ ಕಾಣಿಸಿಕೊಳ್ಳುವುದು ಹೀಗೆ: ದಣಿದಷ್ಟೂ ಬಲ ಇಳಿಯುತ್ತದೆ, ವಿಶ್ರಾಂತಿ ಸಿಕ್ಕರೆ ಮರಳುತ್ತದೆ. ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ತಾಗಿದರೆ ಮಾತ್ರ ಸ್ನಾಯು ಕೆಲಸ ಮಾಡುತ್ತದೆ. ಈ ಕಾಯಿಲೆಯಲ್ಲಿ ದೇಹ ತಾನೇ ತಯಾರಿಸಿದ ಪ್ರತಿಕಾಯಗಳು ಆ ಗ್ರಾಹಕಗಳಿಗೆ ಅಡ್ಡ ಕೂರುತ್ತವೆ, ಅವನ್ನು ಹಾಳುಗೆಡವುತ್ತವೆ.

ಎದೆಮೂಳೆಯ ಹಿಂದೆ, ಹೃದಯದ ಮುಂದೆ ಇರುವ ಥೈಮಸ್ ಗ್ರಂಥಿಗೂ ಇದಕ್ಕೂ ನೇರ ಸಂಬಂಧವಿದೆ. ರೋಗನಿರೋಧಕ ಟಿ ಜೀವಕೋಶಗಳು ಪಕ್ವವಾಗುವ ಜಾಗ ಅದು. ಸ್ನಾಯುವನ್ನು ಹೋಲುವ ಕೆಲವು ಜೀವಕೋಶಗಳು ಅದರೊಳಗೇ ಇದ್ದು, ಅವುಗಳ ಮೇಲೂ ಅದೇ ಗ್ರಾಹಕಗಳಿರುತ್ತವೆ. ರೋಗವಿರುವ ಅನೇಕ ಮಕ್ಕಳ ಥೈಮಸ್‌ನಲ್ಲಿ ಪ್ರತಿಕಾಯ ತಯಾರಿಸುವ ಜೀವಕೋಶಗಳು ಗುಂಪುಗುಂಪಾಗಿ ಬೆಳೆದಿರುತ್ತವೆ. ಅದನ್ನು ಪೂರ್ತಿ ತೆಗೆದುಹಾಕುವ ಆಪರೇಷನ್ನೇ ಥೈಮೆಕ್ಟಮಿ.

ಇದು ತುರ್ತು ಆಪರೇಷನ್ ಅಲ್ಲ. ಶುರುವಿನಲ್ಲೇ ಹೀಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗುವಿಗೆ ಉಸಿರಾಟದ ತೊಂದರೆ ಬಂದಾಗ "ಬೇಗ ಆಪರೇಷನ್ ಮಾಡಿಸಿಬಿಡೋಣ" ಅನ್ನಿಸುವುದು ಸಹಜ, ಆದರೆ ಆಪರೇಷನ್‌ಗೆ ಅದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಮೊದಲು ಔಷಧಿಯಿಂದ ಮಗುವನ್ನು ಗಟ್ಟಿ ಮಾಡಿಕೊಳ್ಳಬೇಕು, ಥಿಯೇಟರ್‌ಗೆ ಹೋಗುವುದು ಆಮೇಲೆ. ಫಲಿತಾಂಶ ಹೆಚ್ಚಾಗಿ ತೀರ್ಮಾನವಾಗುವುದು ಅದಕ್ಕೆ ಹಿಂದಿನ ಕೆಲವು ವಾರಗಳಲ್ಲಿ.

ಯಾವ ಮಗುವಿಗೆ ಬೇಕು, ಯಾವ ಮಗುವಿಗೆ ಬೇಡ

1936ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಅವರು 19 ವರ್ಷದ ಯುವತಿಯೊಬ್ಬಳ ಥೈಮಸ್ ಗಡ್ಡೆ ತೆಗೆದಾಗ ಅವಳ ಮಯಸ್ತೇನಿಯಾ ಕೂಡ ಹತೋಟಿಗೆ ಬಂತು. ಈ ಚಿಕಿತ್ಸೆ ಬಳಕೆಗೆ ಬಂದದ್ದು ಅಲ್ಲಿಂದ ಮುಂದೆ. ಆದರೂ ಗಡ್ಡೆಯಿಲ್ಲದ ರೋಗಿಗಳಿಗೂ ಲಾಭವಿದೆ ಎಂದು ಸರಿಯಾದ ತುಲನಾತ್ಮಕ ಪ್ರಯೋಗ ತೋರಿಸಿದ್ದು 2016ರಲ್ಲಿ. 126 ಜನರ ಆ ಪ್ರಯೋಗದಲ್ಲಿ ಆಪರೇಷನ್ ಮಾಡಿಸಿಕೊಂಡವರ ಬಲ ಹೆಚ್ಚಿತ್ತು. ಅವರಿಗೆ ಬೇಕಾದ ಸ್ಟೀರಾಯ್ಡ್ ಪ್ರಮಾಣವೂ ಕಡಿಮೆಯಾಗಿತ್ತು: ದಿನ ಬಿಟ್ಟು ದಿನ ಸರಾಸರಿ 44 ಮಿ.ಗ್ರಾಂ. ಆಪರೇಷನ್ ಇಲ್ಲದವರಿಗೆ 60 ಬೇಕಾಯಿತು. ಆದರೆ ಆ 126 ಜನರಲ್ಲಿ 18ಕ್ಕಿಂತ ಚಿಕ್ಕವರು ಒಬ್ಬರೂ ಇರಲಿಲ್ಲ. ಹಾಗಾಗಿ ಮಕ್ಕಳ ವಿಷಯದಲ್ಲಿ ವೈದ್ಯರು ಆ ಫಲಿತಾಂಶದ ಜೊತೆಗೆ ತಮ್ಮ ತಮ್ಮ ಕೇಂದ್ರಗಳ ಅನುಭವವನ್ನೂ ಸೇರಿಸಿ ತೀರ್ಮಾನಿಸುತ್ತಾರೆ. ಇಬ್ಬರು ನರರೋಗ ತಜ್ಞರು ಬೇರೆ ಬೇರೆ ಅಭಿಪ್ರಾಯ ಕೊಟ್ಟರೆ ಅದಕ್ಕೆ ಕಾರಣ ಇದೇ. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ.

ನಿರ್ಧಾರ ನಿಲ್ಲುವುದು ಮುಖ್ಯವಾಗಿ ಪ್ರತಿಕಾಯದ ರಕ್ತಪರೀಕ್ಷೆಯ ಮೇಲೆ. ಅಸಿಟೈಲ್‌ಕೋಲಿನ್ ಗ್ರಾಹಕದ ಪ್ರತಿಕಾಯ ಪಾಸಿಟಿವ್ ಇದ್ದು, ಕಣ್ಣಿನ ಜೊತೆಗೆ ಕೈಕಾಲು, ಗಂಟಲು, ಉಸಿರಾಟದ ಸ್ನಾಯುಗಳೂ ಸೋಲುತ್ತಿದ್ದು, ಮಾತ್ರೆಯಿಂದ ಸಾಕಷ್ಟು ಹತೋಟಿ ಸಿಗದಿದ್ದರೆ ಅಥವಾ ಸ್ಟೀರಾಯ್ಡ್ ಇಳಿಸಲು ಆಗದಿದ್ದರೆ ಆಪರೇಷನ್ ಮಾತು ಬರುತ್ತದೆ. ಕಣ್ಣಿಗಷ್ಟೇ ಸೀಮಿತವಾಗಿದ್ದರೆ ಸಾಮಾನ್ಯವಾಗಿ ಕಾಯುತ್ತಾರೆ. ಮಸ್ಕ್ ಎಂಬ ಇನ್ನೊಂದು ಪ್ರತಿಕಾಯ ಪಾಸಿಟಿವ್ ಇರುವವರಿಗೆ ಈ ಆಪರೇಷನ್‌ನಿಂದ ಲಾಭ ಕಂಡಿಲ್ಲ, ಅವರಿಗೆ ದಾರಿ ಬೇರೆ. ಥೈಮಸ್‌ನಲ್ಲಿ ಗಡ್ಡೆಯೇ ಇದ್ದರೆ ಮಾತ್ರ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ಅದನ್ನು ತೆಗೆಯಲೇಬೇಕು. ಪುಣ್ಯಕ್ಕೆ ಮಕ್ಕಳಲ್ಲಿ ಗಡ್ಡೆ ಅಪರೂಪ.

ಎಲ್ಲ ಪ್ರತಿಕಾಯವೂ ನೆಗೆಟಿವ್ ಬಂದ ಮಗುವಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಹುಟ್ಟಿನಿಂದ ಬರುವ ವಂಶವಾಹಿ ಕಾಯಿಲೆಯೊಂದು ನೋಡಲು ಥೇಟ್ ಹೀಗೇ ಇರುತ್ತದೆ. ಅದನ್ನು ಜನ್ಮಜಾತ ಮಯಸ್ತೇನಿಕ್ ಸಿಂಡ್ರೋಮ್ ಅನ್ನುತ್ತಾರೆ. ಅದರಲ್ಲಿ ಪ್ರತಿಕಾಯದ ಪಾತ್ರವೇ ಇಲ್ಲ, ಆದ್ದರಿಂದ ಥೈಮಸ್ ತೆಗೆದರೂ ಸ್ಟೀರಾಯ್ಡ್ ಕೊಟ್ಟರೂ ವ್ಯರ್ಥ. ಅದರ ಕೆಲವು ಬಗೆಗಳಲ್ಲಿ, ಮಯಸ್ತೇನಿಯಾದಲ್ಲಿ ಬಲ ಬರಲೆಂದು ಮಾಮೂಲಾಗಿ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆಯೇ ಮಗುವನ್ನು ಇನ್ನಷ್ಟು ಸೊರಗಿಸುತ್ತದೆ. ಹಸುಗೂಸಾಗಿದ್ದಾಗಲೇ ಹಾಲು ಹೀರಲು ಕಷ್ಟವಿತ್ತೇ, ಅಳು ಕ್ಷೀಣವಾಗಿತ್ತೇ, ಒಡಹುಟ್ಟಿದವರಿಗೂ ಹೀಗಿದೆಯೇ, ತಂದೆತಾಯಿ ರಕ್ತಸಂಬಂಧಿಗಳೇ ಎಂಬ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇರುವುದರಿಂದ ಕೊನೆಯ ಪ್ರಶ್ನೆಗೆ ತೂಕ ಹೆಚ್ಚು, ಸಂಕೋಚಪಟ್ಟು ಮುಚ್ಚಿಡಬೇಡಿ. ಪ್ರತಿಕಾಯ ನೆಗೆಟಿವ್ ಇರುವ ಮಗುವಿಗೆ ಜೀನ್ ಪರೀಕ್ಷೆ ಮಾಡಿಸದೆ ಥೈಮೆಕ್ಟಮಿಗೆ ಒಪ್ಪುವುದು ತಪ್ಪು.

ಇನ್ನು ವಯಸ್ಸು. ಮೈನೆರೆಯುವ ಮೊದಲೇ ಕಾಯಿಲೆ ಶುರುವಾದ ಮಕ್ಕಳಲ್ಲಿ ಅದು ತಾನಾಗಿಯೇ ತಗ್ಗುವ ಸಂಭವ ದೊಡ್ಡ ಮಕ್ಕಳಿಗಿಂತ ಹೆಚ್ಚು. ಹೀಗಾಗಿ ಔಷಧಿಗೆ ಬಗ್ಗುತ್ತಿರುವ ಚಿಕ್ಕ ಮಗುವಿಗೆ ಒಂದೆರಡು ವರ್ಷ ಕಾದು ನೋಡುವುದುಂಟು. ಸುಮಾರು 5 ವರ್ಷದೊಳಗಿನವರಲ್ಲಿ ಕಾಯಿಲೆ ತೀವ್ರವಾಗಿದ್ದು ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಯೋಚಿಸುತ್ತಾರೆ. ಹದಿಹರೆಯದಲ್ಲಿ ಶುರುವಾಗಿ ಪ್ರತಿಕಾಯ ಪಾಸಿಟಿವ್ ಇದ್ದರೆ ಮಾತ್ರ ವರ್ಷಗಟ್ಟಲೆ ಮುಂದೂಡುವುದರಲ್ಲಿ ಅರ್ಥವಿಲ್ಲ.

"ಥೈಮಸ್ ತೆಗೆದರೆ ಮಗುವಿಗೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲವೇ?" ಎಂದು ಎಲ್ಲರೂ ಕೇಳುತ್ತಾರೆ. ಟಿ ಜೀವಕೋಶಗಳ ದೊಡ್ಡ ದಾಸ್ತಾನು ಬಾಲ್ಯದ ಮೊದಲ ವರ್ಷಗಳಲ್ಲೇ ದೇಹದ ತುಂಬ ಹರಡಿಕೊಂಡಿರುತ್ತದೆ. ಆದ್ದರಿಂದ ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ಆಪರೇಷನ್ ಆದ ತಕ್ಷಣ ಸೋಂಕುಗಳ ಸರಮಾಲೆ ಶುರುವಾಗುವುದಿಲ್ಲ. ಹಾಗೆಂದು ಅದು ಕೆಲಸಕ್ಕೆ ಬಾರದ ಅಂಗವೂ ಅಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾನಾ ಕಾರಣಕ್ಕೆ ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಮುಂದೆ ಸಾವು ಮತ್ತು ಕ್ಯಾನ್ಸರ್ ಪ್ರಮಾಣ ಹೆಚ್ಚಿದ್ದನ್ನು ಕಂಡಿತು. ಆ ಅಧ್ಯಯನ ನಡೆದದ್ದು ಮಯಸ್ತೇನಿಯಾ ಇರುವ ಮಕ್ಕಳ ಮೇಲಲ್ಲ, ನಿಜ. ಆದರೂ ಲಾಭ ಸ್ಪಷ್ಟವಿಲ್ಲದ ಮಗುವಿನಲ್ಲಿ ಸುಮ್ಮನೆ ತೆಗೆಯಬಾರದು ಎಂಬ ವಾದಕ್ಕೆ ಅದು ಬಲ ಕೊಡುತ್ತದೆ.

ಆಪರೇಷನ್‌ಗೆ ಮುಂಚಿನ ಪರೀಕ್ಷೆಗಳು

ಎದೆಯ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಬೇಕೇ ಬೇಕು. ಗಡ್ಡೆ ಇದೆಯೇ, ಶ್ವಾಸನಾಳದ ಮೇಲೆ ಒತ್ತಡ ಬಿದ್ದಿದೆಯೇ ಎಂದು ನೋಡುವುದಕ್ಕೆ. ವರದಿಯಲ್ಲಿ "ಥೈಮಸ್ ದೊಡ್ಡದಾಗಿದೆ" ಎಂಬ ಸಾಲು ಕಂಡು ಗಾಬರಿಯಾಗಬೇಡಿ. ಮಕ್ಕಳಲ್ಲಿ ಅದು ಇರುವುದೇ ದೊಡ್ಡದಾಗಿ, ವಯಸ್ಸಾದಂತೆ ಕುಗ್ಗುತ್ತದೆ. 5 ವರ್ಷದ ಕೆಳಗೆ ಉಬ್ಬಿದ ಅಂಚಿನ ಚೌಕಾಕಾರ, ಬೆಳೆಯುತ್ತ ತ್ರಿಕೋನಾಕಾರ, ಇದು ಸಹಜ ರೂಪ. ಸ್ಕ್ಯಾನ್ ಸಹಜವಾಗಿದ್ದ ಮಾತ್ರಕ್ಕೆ ಆಪರೇಷನ್‌ನಿಂದ ಲಾಭವಿಲ್ಲ ಎಂದೂ ಅಲ್ಲ.

ಉಸಿರಿನ ಬಲವನ್ನು ಸ್ಪೈರೋಮೀಟರ್‌ನಲ್ಲಿ ಅಳೆಯುತ್ತಾರೆ. ಪೂರ್ತಿ ಉಸಿರೆಳೆದು ಜೋರಾಗಿ ಹೊರಬಿಟ್ಟ ಗಾಳಿಯ ಪ್ರಮಾಣ ಆ ವಯಸ್ಸು, ಎತ್ತರಕ್ಕೆ ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆಯಿದ್ದರೆ ಆಪರೇಷನ್ ಮುಂದಕ್ಕೆ ಹಾಕಿ ಚಿಕಿತ್ಸೆ ಬಿಗಿ ಮಾಡುತ್ತಾರೆ. ಐದಾರು ವರ್ಷದ ಕೆಳಗಿನ ಮಕ್ಕಳಿಗೆ ಈ ಯಂತ್ರ ಊದಲು ಬರುವುದಿಲ್ಲ. ಅವರಲ್ಲಿ ಕೆಮ್ಮಿನ ಬಲ, ಅಳುವಿನ ಜೋರು, ಕುತ್ತಿಗೆ ಎತ್ತಿ ಹಿಡಿಯುವ ಶಕ್ತಿ ನೋಡಬೇಕು. ಮನೆಯಲ್ಲಿ ಮಾಡಬಹುದಾದ ಸರಳ ಪರೀಕ್ಷೆಯೂ ಒಂದಿದೆ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಷ್ಟರವರೆಗೆ ಎಣಿಸುತ್ತದೆ ಎಂದು ದಿನಾ ಅದೇ ಹೊತ್ತಿಗೆ, ಅದೇ ವೇಗದಲ್ಲಿ ಎಣಿಸಿ ಬರೆದಿಡಿ. ಒಂದು ದಿನದ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ತಿಳಿಯುತ್ತದೆ.

ಇವುಗಳ ಜೊತೆಗೆ ಥೈರಾಯ್ಡ್ ಪರೀಕ್ಷೆ (ಈ ಮಕ್ಕಳಲ್ಲಿ ಥೈರಾಯ್ಡ್ ತೊಂದರೆಯೂ ಜೊತೆಗಿರುವುದುಂಟು), ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ಸಕ್ಕರೆ ಮತ್ತು ಬಿಪಿ, ಕ್ಷಯದ ತಪಾಸಣೆ, ರಕ್ತದ ಗುಂಪು. ಗ್ರಂಥಿಯ ಹಿಂದೆಯೇ ದೊಡ್ಡ ರಕ್ತನಾಳ ಹಾದುಹೋಗುವುದರಿಂದ ಹೊಂದುವ ರಕ್ತ ಥಿಯೇಟರ್‌ನಲ್ಲೇ ಸಿದ್ಧವಿರಬೇಕು. ಪ್ರತಿಕಾಯದ ರಕ್ತಪರೀಕ್ಷೆಗಳೆಲ್ಲ ಇಮ್ಯುನೋಗ್ಲೋಬ್ಯುಲಿನ್ ಡ್ರಿಪ್ (ಮುಂದೆ ವಿವರಿಸಿದೆ) ಹಾಕಿಸುವ ಮೊದಲೇ ಮುಗಿದಿರಲಿ. ಆ ಬಾಟಲಿಯಲ್ಲಿ ಸಾವಿರಾರು ದಾನಿಗಳ ಪ್ರತಿಕಾಯ ಇರುವುದರಿಂದ ಆಮೇಲೆ ಮಾಡಿದ ಹಲವು ಪರೀಕ್ಷೆಗಳು ದಾರಿ ತಪ್ಪಿಸುತ್ತವೆ.

ಮಗುವನ್ನು ಗಟ್ಟಿ ಮಾಡಿಕೊಳ್ಳುವುದು

ಇಲ್ಲಿ ಕೊಡುವ ಅಳತೆಗಳು ವೈದ್ಯರ ಜೊತೆ ಅರ್ಥಮಾಡಿಕೊಂಡು ಮಾತಾಡಲು, ಮನೆಯಲ್ಲಿ ನೀವೇ ಡೋಸ್ ಬದಲಿಸಲು ಅಲ್ಲ.

ಪಿರಿಡೋಸ್ಟಿಗ್ಮಿನ್ (ಮೆಸ್ಟಿನಾನ್, ಡಿಸ್ಟಿನಾನ್, ಗ್ರಾವಿಟಾರ್ ಹೆಸರುಗಳಲ್ಲಿ ಸಿಗುತ್ತದೆ) ಸಾಮಾನ್ಯವಾಗಿ 60 ಮಿ.ಗ್ರಾಂ ಮಾತ್ರೆ. ಪ್ರತಿ ಕೆ.ಜಿ ತೂಕಕ್ಕೆ ಒಂದು ಸಲಕ್ಕೆ 0.5ರಿಂದ 1 ಮಿ.ಗ್ರಾಂನಂತೆ, 4ರಿಂದ 6 ಗಂಟೆಗೊಮ್ಮೆ ಶುರುಮಾಡುತ್ತಾರೆ. ದಿನದ ಒಟ್ಟು ಪ್ರಮಾಣ ಕೆ.ಜಿಗೆ 7 ಮಿ.ಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. 25 ಕೆ.ಜಿಯ ಮಗುವಿಗೆ ಕಾಲು ಮಾತ್ರೆಯಿಂದ ಶುರುವಾಗಿ ಅರ್ಧ ಮಾತ್ರೆಗೆ ಏರಿದರೆ, ದಿನಕ್ಕೆ ಐದು ಸಲ ಎಂದರೆ 150 ಮಿ.ಗ್ರಾಂ, ಅಂದರೆ ಕೆ.ಜಿಗೆ 6. ಮಿತಿಗೆ ಆಗಲೇ ಹತ್ತಿರ ಬಂದಾಯಿತು. ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಕೊಟ್ಟರೆ ಅಗಿಯುವ, ನುಂಗುವ ಹೊತ್ತಿಗೆ ಬಲ ಬಂದಿರುತ್ತದೆ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಯಾವ ಕಾರಣಕ್ಕೂ ಪುಡಿಮಾಡಬೇಡಿ, ಇಡೀ ಡೋಸ್ ಒಂದೇ ಸಲಕ್ಕೆ ಮೈಗೆ ಇಳಿದುಬಿಡುತ್ತದೆ.

ಸ್ಟೀರಾಯ್ಡ್ ವಿಷಯದಲ್ಲಿ ಆಗುವ ಮಾಮೂಲಿ ಎಡವಟ್ಟೆಂದರೆ ಆಪರೇಷನ್ ಹತ್ತಿರ ಬಂತೆಂದು ಹೆಚ್ಚಿನ ಪ್ರಮಾಣದಲ್ಲಿ ಹೊಸದಾಗಿ ಶುರುಮಾಡುವುದು. ಮಯಸ್ತೇನಿಯಾದಲ್ಲಿ ಸ್ಟೀರಾಯ್ಡ್ ಶುರುವಾದ ಮೊದಲ ಒಂದೆರಡು ವಾರ ಬಲ ಏರುವ ಬದಲು ಇಳಿಯಬಹುದು. ಅದೇ ವಾರ ಮಗುವನ್ನು ಮೇಜಿನ ಮೇಲೆ ಮಲಗಿಸಿದರೆ ವೆಂಟಿಲೇಟರ್‌ನಿಂದ ಬಿಡಿಸುವುದು ಕಷ್ಟವಾಗುತ್ತದೆ. ಬೇಕಿದ್ದರೆ ಬಹಳ ಮುಂಚೆ, ಸಣ್ಣ ಡೋಸ್‌ನಿಂದ ಏರಿಸುತ್ತ ಹೋಗಬೇಕು.

ಬೇಗ ಬಲ ತರುವ ಉಪಾಯಗಳು ಎರಡು. ಒಂದು ಇಮ್ಯುನೋಗ್ಲೋಬ್ಯುಲಿನ್ ಡ್ರಿಪ್. ಒಟ್ಟು ಕೆ.ಜಿಗೆ 2 ಗ್ರಾಂ, 2ರಿಂದ 5 ದಿನಗಳಲ್ಲಿ ಹಂಚಿ ಕೊಡುತ್ತಾರೆ. 25 ಕೆ.ಜಿಯ ಮಗುವಿಗೆ 50 ಗ್ರಾಂ, ಅಂದರೆ 5 ಗ್ರಾಂನ ಹತ್ತು ಬಾಟಲಿ. ಖರ್ಚಿನ ದೊಡ್ಡ ಪಾಲು ಇದೇ ಆಗುವುದರಿಂದ ಅಂದಾಜನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ಗುಣ ಕಾಣಲು ಸುಮಾರು ಒಂದು ವಾರ ಹಿಡಿಯುತ್ತದೆ, ಹಾಗಾಗಿ ಆಪರೇಷನ್‌ಗೆ ಒಂದರಿಂದ ಮೂರು ವಾರ ಮೊದಲು ಹಾಕಿಸುವುದು ಲೇಸು. ಡ್ರಿಪ್ ನಿಧಾನವಾಗಿ ಶುರುಮಾಡಬೇಕು. ತಲೆನೋವು, ಜ್ವರ, ವಾಂತಿ ಬಂದರೆ ಹೆಚ್ಚಿನ ಸಲ ವೇಗ ತಗ್ಗಿಸಿದರೆ ಸಾಕಾಗುತ್ತದೆ.

ಇನ್ನೊಂದು ಪ್ಲಾಸ್ಮಾ ಬದಲಾವಣೆ. ದಿನ ಬಿಟ್ಟು ದಿನ 3ರಿಂದ 5 ಸಲ ರಕ್ತದ ದ್ರವಭಾಗ ತೆಗೆದು ಆಲ್ಬುಮಿನ್ ತುಂಬುತ್ತಾರೆ. ಇದು ಹೆಚ್ಚು ಬೇಗ ಕೆಲಸ ಮಾಡುತ್ತದೆ. ಆದರೆ ಕುತ್ತಿಗೆಯಲ್ಲೋ ತೊಡೆಸಂದಿನಲ್ಲೋ ದಪ್ಪ ಕೊಳವೆ ಬೇಕು, ಚಿಕ್ಕ ಮಕ್ಕಳಲ್ಲಿ ಅದೇ ತಲೆನೋವು. ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ದ್ರವದ ಜೊತೆ ಹೊರಹೋಗುವುದರಿಂದ ಕೊನೆಯ ಸರದಿ ಮುಗಿದು ಒಂದೆರಡು ದಿನ ಕಳೆದ ಮೇಲೆಯೇ ಆಪರೇಷನ್. ಇಮ್ಯುನೋಗ್ಲೋಬ್ಯುಲಿನ್ ಹಾಕಿಸಿದ ಬೆನ್ನಿಗೆ ಪ್ಲಾಸ್ಮಾ ಬದಲಿಸಿದರೆ ಹಾಕಿದ್ದೆಲ್ಲ ಹೊರಗೆ ಚೆಲ್ಲಿದಂತೆ, ಕ್ರಮ ತಪ್ಪಬಾರದು.

ನೆಗಡಿ, ಜ್ವರ, ಕಫ ಬಂದರೆ ದಿನಾಂಕ ಮುಂದಕ್ಕೆ ಹಾಕಿ. ಹುಳುಕು ಹಲ್ಲಿದ್ದರೆ ಈಗಲೇ ತೋರಿಸಿ. ಲಸಿಕೆಯ ಪುಸ್ತಕ ತೆಗೆದು ನೋಡುವ ಕೆಲಸವೂ ಇದೇ ಹೊತ್ತಿನದು. ದಿನಕ್ಕೆ 20 ಮಿ.ಗ್ರಾಂ ಅಥವಾ ಕೆ.ಜಿಗೆ 2 ಮಿ.ಗ್ರಾಂನಷ್ಟು ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) 14 ದಿನ ದಾಟಿದರೆ ಜೀವಂತ ಲಸಿಕೆ ಕೊಡುವಂತಿಲ್ಲ. ಪಲ್ಸ್ ಪೋಲಿಯೊ ಹನಿ ಕೂಡ ಜೀವಂತ ಲಸಿಕೆಯೇ, ಬೂತಿಗೆ ಹೋಗುವ ಮುನ್ನ ವೈದ್ಯರನ್ನು ಕೇಳಿ. ಪೂರ್ಣ ಪ್ರಮಾಣದ ಇಮ್ಯುನೋಗ್ಲೋಬ್ಯುಲಿನ್ ಆದ ಮೇಲೆ ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಗೆ 11 ತಿಂಗಳು ಕಾಯಬೇಕು, ಅಲ್ಲಿಯವರೆಗೆ ಅವು ಸರಿಯಾಗಿ ನಾಟುವುದಿಲ್ಲ.

ಆಪರೇಷನ್ ದಿನ

ದಿನದ ಮೊದಲ ಕೇಸ್ ಆಗಿ ಇಟ್ಟುಕೊಳ್ಳುವಂತೆ ಕೇಳಿ. ಉಪವಾಸ ಉದ್ದವಾದಷ್ಟೂ ಮಾತ್ರೆಯ ಲೆಕ್ಕ ತಪ್ಪುತ್ತದೆ. ಗಟ್ಟಿ ಆಹಾರಕ್ಕೆ 6 ಗಂಟೆ, ತಿಳಿನೀರಿಗೆ ಸಾಮಾನ್ಯವಾಗಿ 2 ಗಂಟೆ. ಬೆಳಗಿನ ಪಿರಿಡೋಸ್ಟಿಗ್ಮಿನ್ ಕೊಡಬೇಕೇ ಬೇಡವೇ ಎಂಬುದರಲ್ಲಿ ಅರಿವಳಿಕೆ ತಜ್ಞರಲ್ಲಿ ಎರಡು ಪಂಗಡ. ನುಂಗಲು ಕಷ್ಟಪಡುವ ಮಗುವಿಗೆ ಬಹಳ ಮಂದಿ ಕೊಡುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ, ರಾತ್ರಿ ಪಾಳಿಯ ದಾದಿಗೆ ಅದು ಗೊತ್ತಿದೆಯೇ ಎಂದೂ ನೋಡಿ. ಮೂರು ವಾರಕ್ಕಿಂತ ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಬೇಕಾಗುತ್ತದೆ. ಮಗುವಿನ ಅಡ್ರಿನಲ್ ಗ್ರಂಥಿ ಆಪರೇಷನ್‌ನ ಒತ್ತಡಕ್ಕೆ ತಾನಾಗಿ ಸ್ಪಂದಿಸುವ ಸ್ಥಿತಿಯಲ್ಲಿರುವುದಿಲ್ಲ. ವಾರ್ಡಿನಲ್ಲೇ ನಿದ್ದೆ ಬರಿಸುವ ಸಿರಪ್ ಕೊಟ್ಟು ಕಳಿಸುವುದು ಈ ಮಕ್ಕಳಿಗೆ ಹೇಳಿಸಿದ್ದಲ್ಲ.

ಅರಿವಳಿಕೆಯಲ್ಲಿ ನಿಜವಾದ ಸೂಕ್ಷ್ಮವಿರುವುದು ಸ್ನಾಯು ಸಡಿಲಿಸುವ ಔಷಧಿಗಳಲ್ಲಿ. ಗ್ರಾಹಕಗಳೇ ಕಡಿಮೆಯಿರುವುದರಿಂದ ರೊಕ್ಯುರೋನಿಯಂ ಜಾತಿಯ ಔಷಧಿ ಸ್ವಲ್ಪವೇ ಕೊಟ್ಟರೂ ತೀವ್ರವಾಗಿ, ಬಹಳ ಹೊತ್ತು ಕೆಲಸ ಮಾಡುತ್ತದೆ. ಸಕ್ಸಿನೈಲ್‌ಕೋಲಿನ್ ಎಂಬ ಇನ್ನೊಂದು ಸಡಿಲಿಸುವ ಔಷಧಿ ಇದಕ್ಕೆ ತಿರುಗಾಮುರುಗಾ, ಅದರ ಮಾಮೂಲಿ ಡೋಸಿಗೆ ಸ್ನಾಯು ಜಗ್ಗುವುದೇ ಇಲ್ಲ. ಹಾಗಾಗಿ ಅನೇಕರು ಸಡಿಲಿಸುವ ಔಷಧಿಯನ್ನೇ ಬಿಟ್ಟು ಸೆವೊಫ್ಲೂರೇನ್ ಅಥವಾ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧಿಯಲ್ಲೇ ನಿಭಾಯಿಸುತ್ತಾರೆ. ರೊಕ್ಯುರೋನಿಯಂ ಬಳಸಿದರೆ ನರ ಪ್ರಚೋದಿಸಿ ಸ್ನಾಯುವಿನ ಸ್ಪಂದನ ಅಳೆಯುವ ಯಂತ್ರ ಅರಿವಳಿಕೆಗೆ ಮೊದಲೇ ಜೋಡಿಸಿರಬೇಕು, ಕೊನೆಯಲ್ಲಿ ಬಿಡಿಸಲು ಸುಗಮಡೆಕ್ಸ್ ಕೈಯಲ್ಲಿರಬೇಕು. ಹಳೆಯ ಪದ್ಧತಿಯಂತೆ ನಿಯೊಸ್ಟಿಗ್ಮಿನ್ ಕೊಟ್ಟರೆ, ಈಗಾಗಲೇ ಅದೇ ಜಾತಿಯ ಮಾತ್ರೆ ತಿನ್ನುತ್ತಿರುವ ಮಗುವಿನಲ್ಲಿ ಅದು ಅತಿಯಾಗಿ ಹೊಸ ದೌರ್ಬಲ್ಯ ತರಬಹುದು. ನೋವು, ಬಿಪಿಗೆ ಕೆಲವೊಮ್ಮೆ ಬಳಸುವ ಮೆಗ್ನೀಷಿಯಂ ಡ್ರಿಪ್ ಇಲ್ಲಿ ಬೇಡವೇ ಬೇಡ.

ಒಳಗೆ ಏನು ನಡೆಯುತ್ತದೆ

ದಾರಿ ಮುಖ್ಯವಾಗಿ ಎರಡು: ಎದೆಮೂಳೆಯನ್ನು ಉದ್ದಕ್ಕೆ ಸೀಳಿ ತೆರೆಯುವುದು, ಅಥವಾ ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರಗಳಿಂದ ದೂರದರ್ಶಕ (ಕ್ಯಾಮೆರಾ ಇರುವ ತೆಳು ಕೊಳವೆ) ಇಳಿಸುವುದು. ಮಕ್ಕಳಲ್ಲಿ ಗಡ್ಡೆ ಇಲ್ಲದಿದ್ದರೆ ಎರಡನೆಯದೇ ಈಗ ಹೆಚ್ಚು. ನೋವು ಕಡಿಮೆ, ಉಸಿರಾಟದ ಮೇಲಿನ ಪೆಟ್ಟು ಕಡಿಮೆ, ಮನೆಗೆ ಬೇಗ. ರೋಬೋಟ್ ಇದೇ ಆಪರೇಷನ್ನಿನ ಇನ್ನೊಂದು ರೂಪ. ದೊಡ್ಡ ಹುಡುಗರಿಗೆ ಒಳ್ಳೆಯದೇ, ಆದರೆ ಪುಟ್ಟ ಎದೆಯಲ್ಲಿ ಅದರ ತೋಳುಗಳು ಒಂದಕ್ಕೊಂದು ತಾಗುತ್ತವೆ. ರೋಬೋಟ್ ಇಲ್ಲ ಎಂಬ ಕಾರಣಕ್ಕೆ ಅನುಭವಿ ಸರ್ಜನ್‌ರನ್ನು ಬಿಟ್ಟು ಬೇರೆಡೆ ಓಡಬೇಕಿಲ್ಲ.

ದೂರದರ್ಶಕದ ಆಪರೇಷನ್ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

1. ಮಗುವನ್ನು ಅಂಗಾತ ಮಲಗಿಸಿ, ಆಪರೇಷನ್ ಮಾಡುವ ಬದಿ ಸುಮಾರು 30 ಡಿಗ್ರಿ ಮೇಲೇಳುವಂತೆ ಬೆನ್ನಿನಡಿ ದಿಂಬು ಕೊಡುತ್ತಾರೆ. ಎರಡೂ ಬದಿ ಮತ್ತು ಕುತ್ತಿಗೆಯನ್ನು ಸ್ವಚ್ಛಗೊಳಿಸಿ ಬಟ್ಟೆ ಹೊದಿಸಿರುತ್ತಾರೆ. ರಕ್ತಸ್ರಾವವಾದರೆ ಎದೆಮೂಳೆ ತೆರೆಯಲು ಹೊಸದಾಗಿ ತಯಾರಿ ಮಾಡುವಷ್ಟು ಸಮಯ ಇರುವುದಿಲ್ಲ.

2. 5 ಮಿ.ಮೀ.ನ ಮೂರು ರಂಧ್ರ, ಚಿಕ್ಕವರಿಗೆ 3 ಮಿ.ಮೀ ಉಪಕರಣ. ಕಡಿಮೆ ಒತ್ತಡದಲ್ಲಿ, ಸುಮಾರು 5ರಿಂದ 8 ಮಿ.ಮೀ. ಪಾದರಸದಷ್ಟು, ಇಂಗಾಲದ ಡೈಆಕ್ಸೈಡ್ ತುಂಬಿದರೆ ಶ್ವಾಸಕೋಶ ಸರಿದು ಜಾಗವಾಗುತ್ತದೆ. ಒತ್ತಡ ಹೆಚ್ಚಾದರೆ ಹೃದಯಕ್ಕೆ ಮರಳುವ ರಕ್ತ ತಗ್ಗಿ ಬಿಪಿ ಬೀಳುತ್ತದೆ.

3. ಮೊದಲು ಹುಡುಕುವುದು ಗ್ರಂಥಿಯನ್ನಲ್ಲ, ಫ್ರೆನಿಕ್ ನರವನ್ನು. ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಆಡಿಸುವ ಈ ಬಿಳಿ ಎಳೆ ಹೃದಯದ ಚೀಲದ ಪಕ್ಕದಲ್ಲಿ ಇಳಿಯುತ್ತದೆ. ಅದರ ಮುಂದೆ ಸಾಕಷ್ಟು ಅಂತರ ಬಿಟ್ಟು ಪೊರೆ ಸೀಳಿ, ಗ್ರಂಥಿಯ ಕೆಳಗಿನ ಕೊಂಬನ್ನು (ಕೊಂಬಿನಂತೆ ಚಾಚಿದ ತುದಿ) ಹೃದಯದ ಚೀಲದಿಂದ ಎಬ್ಬಿಸುತ್ತ ಮೇಲಕ್ಕೆ ಸಾಗುತ್ತಾರೆ. ನರದ ಹತ್ತಿರ ಸುಡುವ ಉಪಕರಣ ತಾಗಿಸಬಾರದು, ಕಾವು ತಟ್ಟಿದರೂ ಸಾಕು ನರ ಸುಮ್ಮನಾಗುತ್ತದೆ.

4. ಎಡದಿಂದ ಬಲಕ್ಕೆ ಅಡ್ಡ ಹಾಯುವ ದೊಡ್ಡ ಅಭಿಧಮನಿ ಸಿಗುತ್ತದೆ. ಗ್ರಂಥಿಯ ಒಂದೆರಡು, ಕೆಲವೊಮ್ಮೆ ಮೂರು ಸಣ್ಣ ನಾಳಗಳು ನೇರ ಅದಕ್ಕೇ ಸೇರುತ್ತವೆ. ಅವಕ್ಕೆ ಕ್ಲಿಪ್ ಹಾಕಿ ಕತ್ತರಿಸಬೇಕು, ಎಳೆದರೆ ದೊಡ್ಡ ನಾಳವೇ ಹರಿಯುತ್ತದೆ.

5. ಮೇಲಿನ ಎರಡು ಕೊಂಬುಗಳು ಥೈರಾಯ್ಡ್‌ನ ಹತ್ತಿರದವರೆಗೂ ಹೋಗಿರುತ್ತವೆ. ಅವನ್ನು ಮೆಲ್ಲನೆ ಕೆಳಗೆಳೆದು ತುದಿ ಕಾಣುವವರೆಗೂ ಬಿಡಿಸುತ್ತಾರೆ. ಆಮೇಲೆ ಇನ್ನೊಂದು ಬದಿ, ಅಲ್ಲಿಯ ಫ್ರೆನಿಕ್ ನರ, ಅದರ ಮುಂದಿನ ಕೊಬ್ಬು.

6. ಎಲ್ಲವನ್ನೂ ಚೀಲಕ್ಕೆ ಹಾಕಿ ಹೊರತೆಗೆದು ಮೇಜಿನ ಮೇಲೆ ಹರಡುತ್ತಾರೆ. ನಾಲ್ಕೂ ಕೊಂಬು ಇದ್ದರೆ ಇಂಗ್ಲಿಷಿನ ಎಚ್ ಅಕ್ಷರದಂತೆ ಕಾಣುತ್ತದೆ. ಒಂದು ತುದಿ ಹರಿದಂತಿದ್ದರೆ ಮತ್ತೆ ಒಳಗೆ ನೋಡಬೇಕು.

ಸುತ್ತಲಿನ ಕೊಬ್ಬನ್ನೂ ಯಾಕೆ ತೆಗೆಯುತ್ತಾರೆಂದರೆ, ಥೈಮಸ್‌ನ ಚೂರುಗಳು ಅದರಲ್ಲೂ ಅಡಗಿರುತ್ತವೆ. ಉಳಿದುಹೋದ ಚೂರು ಪ್ರತಿಕಾಯ ತಯಾರಿಯನ್ನು ಮುಂದುವರಿಸಬಹುದು. ರಂಧ್ರದಿಂದ ಶುರುಮಾಡಿ ನಡುವೆ ಎದೆಮೂಳೆ ತೆರೆಯಬೇಕಾಗಿ ಬಂದರೆ ಅದನ್ನು ಸೋಲು ಎನ್ನಬೇಡಿ. ಅರ್ಧ ಗ್ರಂಥಿ ಬಿಟ್ಟು ಚಿಕ್ಕ ಗಾಯದಲ್ಲಿ ಮುಗಿಸುವುದೇ ಸೋಲು.

ಮೊದಲ ಎರಡು ದಿನ

ಐಸಿಯುನಲ್ಲಿ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸುತ್ತಿದೆ ಎಂದು ಸಮಾಧಾನಪಡುವುದು ಮಯಸ್ತೇನಿಯಾದಲ್ಲಿ ಅಪಾಯಕಾರಿ. ಉಸಿರಾಟದ ಸ್ನಾಯು ಸೋತಾಗ ಮೊದಲು ಏರುವುದು ಇಂಗಾಲದ ಡೈಆಕ್ಸೈಡ್. ಮೂಗಿಗೆ ಆಮ್ಲಜನಕ ಕೊಟ್ಟಿದ್ದರೆ ಆಕ್ಸಿಮೀಟರ್ ಕೊನೆ ಗಳಿಗೆಯವರೆಗೂ ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತದೆ. ನೋಡಬೇಕಾದ್ದು ಮಗುವನ್ನು: ಮಾತು ತುಂಡುತುಂಡಾಗುತ್ತಿದೆಯೇ, ಜೊಲ್ಲು ನುಂಗದೆ ಬಾಯಿಯಲ್ಲೇ ನಿಂತಿದೆಯೇ, ಕೆಮ್ಮಿನಲ್ಲಿ ಸದ್ದಿಲ್ಲವೇ, ತಲೆ ಎತ್ತಲು ಆಗುತ್ತಿಲ್ಲವೇ, ಕಾರಣವಿಲ್ಲದೆ ಚಡಪಡಿಸುತ್ತಿದೆಯೇ. ಹೀಗಿದ್ದರೆ ರಕ್ತದಲ್ಲಿನ ಅನಿಲಗಳ ಪರೀಕ್ಷೆ ಮಾಡಿ, ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವುದನ್ನು ಬೇಗ ಶುರುಮಾಡುತ್ತಾರೆ. ನುಂಗಲಾಗದೆ ಕಫ ಕಟ್ಟಿಕೊಂಡಿದ್ದರೆ ಮಾಸ್ಕ್ ಸಾಲದು, ಶ್ವಾಸನಾಳಕ್ಕೆ ಕೊಳವೆಯೇ ಬೇಕು.

ಬಲ ಇಳಿದಾಗ ಕಾರಣ ಎರಡಿರಬಹುದು, ಚಿಕಿತ್ಸೆ ಒಂದಕ್ಕೊಂದು ವಿರುದ್ಧ. ಕಾಯಿಲೆಯೇ ಉಲ್ಬಣಿಸಿದ್ದರೆ ಔಷಧಿ ಸಾಲುತ್ತಿಲ್ಲ ಎಂದರ್ಥ. ಪಿರಿಡೋಸ್ಟಿಗ್ಮಿನ್ ಹೆಚ್ಚಾಗಿದ್ದರೂ ಸ್ನಾಯು ಸೋಲುತ್ತದೆ, ಆದರೆ ಆಗ ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಜೊಲ್ಲು ಸುರಿಯುತ್ತದೆ, ಹೊಟ್ಟೆ ನುಲಿದು ಭೇದಿಯಾಗುತ್ತದೆ, ನಾಡಿ ನಿಧಾನವಾಗುತ್ತದೆ, ಚರ್ಮದಡಿ ಸ್ನಾಯುಗಳು ಪಟಪಟ ಅದುರುತ್ತವೆ. ಆಪರೇಷನ್ ನಂತರ ಮಾತ್ರೆಯ ಅಗತ್ಯ ತಗ್ಗಬಹುದು, ಹಾಗಾಗಿ ಹಳೆಯ ಡೋಸಿಗಿಂತ ಕಡಿಮೆಯಿಂದ ಶುರುಮಾಡುವುದು ರೂಢಿ. ಬಾಯಿಯಿಂದ ಕೊಡಲಾಗದಿದ್ದರೆ ಚುಚ್ಚುಮದ್ದಿನ ಪಿರಿಡೋಸ್ಟಿಗ್ಮಿನ್ ಮಾತ್ರೆಯ ಮೂವತ್ತರಲ್ಲಿ ಒಂದು ಭಾಗ ಮಾತ್ರ: 30 ಮಿ.ಗ್ರಾಂಗೆ 1 ಮಿ.ಗ್ರಾಂ. ಈ ಲೆಕ್ಕ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ನೋವಿಗೆ ಪ್ಯಾರಾಸಿಟಮಾಲ್ ಕೆ.ಜಿಗೆ 15 ಮಿ.ಗ್ರಾಂನಂತೆ 6 ಗಂಟೆಗೊಮ್ಮೆ, ಜೊತೆಗೆ ಪಕ್ಕೆಲುಬಿನ ನಡುವೆ ಮರಗಟ್ಟಿಸುವ ಚುಚ್ಚುಮದ್ದು. ನೋವು ತಡೆಯದ ಮಗು ಆಳವಾಗಿ ಉಸಿರೆಳೆಯುವುದಿಲ್ಲ, ಕಫ ಒಳಗೇ ಉಳಿಯುತ್ತದೆ. ಆದ್ದರಿಂದ ನೋವು ನಿವಾರಣೆಯಲ್ಲಿ ಜಿಪುಣತನ ಬೇಡ. ಮಾರ್ಫಿನ್ ಮಾತ್ರ ಅಳೆದು ತೂಗಿ.

ಎಕ್ಸ್‌ರೇಯಲ್ಲಿ ವಪೆಯ ಒಂದು ಬದಿ ಎದ್ದು ನಿಂತಿದ್ದರೆ ಫ್ರೆನಿಕ್ ನರಕ್ಕೆ ಪೆಟ್ಟಾಗಿರಬಹುದು, ಅಲ್ಟ್ರಾಸೌಂಡ್‌ನಲ್ಲಿ ಅದರ ಚಲನೆ ನೋಡುತ್ತಾರೆ. ಊಟ ಶುರುವಾದ ಮೇಲೆ, ಆಪರೇಷನ್ ವೇಳೆ ಎದೆಯಲ್ಲಿಟ್ಟ ಕೊಳವೆಯಲ್ಲಿ ಹಾಲಿನಂಥ ದ್ರವ ಬಂದರೆ ದುಗ್ಧನಾಳ (ಊಟದ ಕೊಬ್ಬನ್ನು ಒಯ್ಯುವ ನಾಳ) ಸೋರುತ್ತಿದೆ. ಏನೂ ತೊಂದರೆಯಿಲ್ಲದಿದ್ದರೆ ಕೊಳವೆಯನ್ನು ಒಂದೆರಡು ದಿನದಲ್ಲಿ ತೆಗೆಯುತ್ತಾರೆ.

ಮನೆಗೆ ಬಂದ ಮೇಲೆ

ರಂಧ್ರದ ಗಾಯಗಳು ಬೇಗ ಮಾಯುತ್ತವೆ, ಕೆಲವು ವಾರದಲ್ಲಿ ಶಾಲೆಗೆ ಹೋಗಬಹುದು. ಎದೆಮೂಳೆ ತೆರೆದಿದ್ದರೆ ಅದು ಕೂಡಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಭಾರದ ಶಾಲೆ ಚೀಲ, ಸೈಕಲ್, ಕಂಕುಳಲ್ಲಿ ಕೈ ಕೊಟ್ಟು ಎತ್ತುವುದು ಬೇಡ. ಸಣ್ಣ ಮಗುವನ್ನು ಎತ್ತುವಾಗ ಒಂದು ಕೈ ಪೃಷ್ಠದ ಕೆಳಗೆ, ಇನ್ನೊಂದು ಬೆನ್ನಿಗೆ.

ಊರಿನ ಕ್ಲಿನಿಕ್ಕಿನಲ್ಲಿ ಮಾಮೂಲಾಗಿ ಬರೆಯುವ ಕೆಲವು ಔಷಧಿಗಳು ಈ ಮಗುವಿಗೆ ವಿಷವಾಗಬಹುದು. ಭೇದಿಗೆಂದು ಅಂಗಡಿಯಲ್ಲೇ ಕೊಡುವ ಆಫ್ಲೊಕ್ಸಾಸಿನ್ ಇರುವ ಸಿರಪ್, ಸಿಪ್ರೊಫ್ಲಾಕ್ಸಾಸಿನ್, ಕೆಮ್ಮು ಜ್ವರಕ್ಕೆ ಕೊಡುವ ಅಜಿತ್ರೊಮೈಸಿನ್, ಜೆಂಟಾಮೈಸಿನ್ ಮತ್ತು ಅಮಿಕಾಸಿನ್ ಇಂಜೆಕ್ಷನ್, ಮಲೇರಿಯಾಕ್ಕೆ ಕ್ವಿನೈನ್ ಮತ್ತು ಕ್ಲೋರೊಕ್ವಿನ್, ದಮ್ಮಿಗೆ ಕೊಡುವ ಮೆಗ್ನೀಷಿಯಂ ಡ್ರಿಪ್, ಪ್ರೊಪ್ರನೊಲಾಲ್. ಇವೆಲ್ಲ ನರ ಸ್ನಾಯುವಿನ ನಡುವಿನ ಸಂಪರ್ಕವನ್ನು ಇನ್ನಷ್ಟು ಕುಗ್ಗಿಸುತ್ತವೆ. ಕಾಯಿಲೆಯ ಹೆಸರು, ಮಗುವಿನ ತೂಕ, ಈಗಿನ ಔಷಧಿ, ಈ ಪಟ್ಟಿ, ಇಷ್ಟನ್ನೂ ಒಂದು ಕಾರ್ಡಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಶಾಲೆ ಚೀಲದಲ್ಲಿ ಒಂದು, ಅಜ್ಜಿ ಮನೆಯಲ್ಲಿ ಒಂದು ಇಡಿ. ಅಮಾಕ್ಸಿಸಿಲಿನ್, ಸೆಫಲೋಸ್ಪೋರಿನ್‌ಗಳು ಸಾಮಾನ್ಯವಾಗಿ ಸುರಕ್ಷಿತ. ತುಂಬಾ ತೀವ್ರ ಸೋಂಕಿನಲ್ಲಿ ಬೇರೆ ಔಷಧಿ ಅನಿವಾರ್ಯವಾದರೆ ಆಸ್ಪತ್ರೆಯಲ್ಲಿಟ್ಟು ನೋಡಿಕೊಂಡು ಕೊಡಬೇಕು.

ಸ್ಟೀರಾಯ್ಡನ್ನು ನೀವಾಗಿ ನಿಲ್ಲಿಸಲೇಬೇಡಿ. "ಆಪರೇಷನ್ ಆಯ್ತಲ್ಲ, ಇನ್ಯಾಕೆ ಮಾತ್ರೆ?" ಎಂದು ನೆಂಟರು ಹೇಳುವುದುಂಟು. ರಕ್ತದಲ್ಲಿ ಈಗಾಗಲೇ ಓಡಾಡುತ್ತಿರುವ ಪ್ರತಿಕಾಯಗಳೂ, ಬೇರೆ ಕಡೆ ನೆಲೆಸಿದ ಜೀವಕೋಶಗಳೂ ಇನ್ನೂ ಅಲ್ಲೇ ಇವೆ. ಆಪರೇಷನ್ನಿನ ಗುಣ ತಿಂಗಳುಗಳಲ್ಲಿ, ಕೆಲವರಲ್ಲಿ ಎರಡು ಮೂರು ವರ್ಷಗಳಲ್ಲಿ ಕಾಣುತ್ತದೆ. ಪೂರ್ತಿ ಔಷಧಿ ಬಿಡುವ ಮಕ್ಕಳಿದ್ದಾರೆ, ಡೋಸ್ ಇಳಿಸಿಕೊಂಡು ಮುಂದುವರಿಯುವವರಿದ್ದಾರೆ, ಹೆಚ್ಚೇನೂ ಬದಲಾಗದವರೂ ಇದ್ದಾರೆ. ಈ ಮೂರನೆಯ ಸಾಧ್ಯತೆಯನ್ನೂ ಆಪರೇಷನ್‌ಗೆ ಮುಂಚೆಯೇ ಬಾಯಿಬಿಟ್ಟು ಹೇಳುವ ಸರ್ಜನ್ ಸಿಕ್ಕರೆ ಒಳ್ಳೆಯದು.

ಪ್ರತಿಕಾಯದ ಪ್ರಮಾಣ ಎಷ್ಟಿಳಿಯಿತು ಎಂದು ಮತ್ತೆ ಮತ್ತೆ ರಕ್ತ ಕೊಡಬೇಕಿಲ್ಲ. ಆ ಸಂಖ್ಯೆಗೂ ಮಗುವಿನ ಬಲಕ್ಕೂ ನೇರ ತಾಳೆಯಿಲ್ಲ. ಮೆಟ್ಟಿಲು ಹತ್ತುವುದು, ಕೈ ಎತ್ತಿ ತಲೆ ಬಾಚಿಕೊಳ್ಳುವುದು, ಒಂದು ಊಟಕ್ಕೆ ಹಿಡಿಯುವ ಸಮಯ, ಇವನ್ನು ಡೈರಿಯಲ್ಲಿ ಬರೆದರೆ ವೈದ್ಯರಿಗೆ ಹೆಚ್ಚು ಉಪಯೋಗ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಾಖಲಾಗುವ ಮುಂಚೆಯೇ ಕಾಣಿ. ಥೈಮೆಕ್ಟಮಿ ಆ ಆಸ್ಪತ್ರೆಯ ಪ್ಯಾಕೇಜಿನಲ್ಲಿ ಇದೆಯೇ, ಇಮ್ಯುನೋಗ್ಲೋಬ್ಯುಲಿನ್ ಅದರಲ್ಲಿ ಸೇರುತ್ತದೆಯೇ ಅಥವಾ ಬೇರೆ ಅನುಮತಿ ಬೇಕೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಬಿಡಿಬಿಡಿಯಾಗಿ ಕೇಳಿ. ಕಾಯಿಲೆಯ ನಿರ್ಧಾರ ನಿಮ್ಹಾನ್ಸ್‌ನಲ್ಲಿ ಆಗಿ ಆಪರೇಷನ್ ಬೇರೆಡೆ ಆಗುವುದಾದರೆ ಪ್ರತಿಕಾಯ ವರದಿ, ನರಸ್ನಾಯು ಪರೀಕ್ಷೆ, ಸ್ಕ್ಯಾನ್ ಸಿ.ಡಿ. ಮೂರನ್ನೂ ಕೈಯಲ್ಲೇ ಒಯ್ಯಿರಿ.

ತೆಗೆದ ಗ್ರಂಥಿಯ ಪೆಥಾಲಜಿ ವರದಿ ಬರಲು ಒಂದೆರಡು ವಾರ ಹಿಡಿಯಬಹುದು. ಡಿಸ್ಚಾರ್ಜ್ ಆದ ಮೇಲೆ ಬರುವುದರಿಂದ ಅನೇಕರು ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಹೋಗಿ ತನ್ನಿ. ಅದರಲ್ಲಿ "ಹೈಪರ್‌ಪ್ಲೇಸಿಯಾ" ಎಂದಿದ್ದರೆ ಗ್ರಂಥಿ ಬೆಳೆದಿತ್ತು, ಕ್ಯಾನ್ಸರ್ ಅಲ್ಲ. "ಥೈಮೋಮಾ" (ಥೈಮಸ್ ಗಡ್ಡೆ) ಎಂದಿದ್ದರೆ ಸರ್ಜನ್‌ರನ್ನು ಆ ವಾರವೇ ಮತ್ತೆ ಕಾಣಬೇಕು, ಮುಂದಿನ ಸ್ಕ್ಯಾನ್‌ಗಳ ವೇಳಾಪಟ್ಟಿ ಬೇರೆಯಾಗುತ್ತದೆ.